ಪಾರ್ವತಮ್ಮನ ಎಲಡಿಕೆ ಡಬ್ಬಿ

ಹೊಳೆನರಸೀಪುರದಲ್ಲಿ ಪುಟ್ಟರಾಜುವಿನ ಮೈಕ್‌ಸೆಟ್ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ಬೆರಳು ತೋರಿಸುತ್ತಿರಲಿಲ್ಲ, ಕಿವಿ ತೋರಿಸುತ್ತಿದ್ದರು. ಸದ್ದು ಬಂದ ಕಡೆ ಹೋಗಿ, ಅಂಗಡಿ ಸಿಗುತ್ತದೆ ಎಂದರ್ಥ. ಮದುವೆ, ಗಣಪತಿ, ಎಲೆಕ್ಷನ್ನು, ತಿಥಿ, ಎಲ್ಲದಕ್ಕೂ ಅವನದೇ ಹಾರ್ನು. ಹಳ್ಳಿಮೈಸೂರಿನ ಒಕ್ಕಲು ಮನೆಯಲ್ಲಿ ಹುಟ್ಟಿ, ಹಾಸನದಲ್ಲಿ ಐಟಿಐ ಮಾಡಿ, ಅಣ್ಣಂದಿರಿಗೆ ಹೊಲ ಬಿಟ್ಟುಕೊಟ್ಟು ಬಂದವನು. ಊರಿನವರು ಅವನಿಗೆ ಇಟ್ಟ ಹೆಸರು ಗಲಾಟೆ ಪುಟ್ಟರಾಜು.

ಆ ಹೆಸರು ಅವನಿಗೆ ಚುಚ್ಚುತ್ತಿತ್ತು. ಸದ್ದು ಬೇರೆ, ನಾದ ಬೇರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂಬುದು ಮಾತ್ರ ಊರಿಗೆ ಗೊತ್ತಿರಲಿಲ್ಲ. ದೂರದಲ್ಲಿ ನಿಂತು ಕೇಳಿಯೇ ಯಾವ ಸ್ಪೀಕರಿನ ಕಾಯಿಲ್ ಉಜ್ಜುತ್ತಿದೆ ಎಂದು ಹೇಳಬಲ್ಲವನನ್ನು, ವಾಲ್ಯೂಮ್ ಜಾಸ್ತಿ ಮಾಡು, ಕಮ್ಮಿ ಮಾಡು ಎನ್ನುವುದಕ್ಕಷ್ಟೇ ಜನ ಮಾತಾಡಿಸುತ್ತಿದ್ದರು.

ತೊಂಬತ್ತೆರಡರ ರಾಮನವಮಿಗೆ ಅರಕಲಗೂಡಿನಲ್ಲಿ ವೀಣೆ ಕಚೇರಿಯಿತ್ತು. ನುಡಿಸುವವರು ಪಟ್ಟಾಭಿರಾಮಯ್ಯನವರು. ರುದ್ರಪಟ್ಟಣದ ಮೂಲದವರು, ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು, ಸಂಗೀತ ಬಲ್ಲವರು ತಲೆಬಾಗುವ ವೈಣಿಕರು. ಆದರೆ ವೀಣೆಯ ದನಿ ಮೆಲ್ಲನೆಯದು, ಪಕ್ಕದಲ್ಲಿ ಮೃದಂಗ. ಪುಟ್ಟರಾಜು ಮುಂದಿನ ಮೈಕನ್ನು ಏರಿಸಿದರೆ ಕುಂಯ್ ಎಂದು ಕೂಗು, ಇಳಿಸಿದರೆ ವೀಣೆಯೇ ಇಲ್ಲ. ಮಂದ್ರ ಸ್ಥಾಯಿಯಲ್ಲಿ ಅವರು ಕಣ್ಣುಮುಚ್ಚಿ ನುಡಿಸುತ್ತಿದ್ದರೆ ಚಪ್ಪರದ ಹಿಂದಿನ ಸಾಲುಗಳು ಪಾನಕದ ಕಡೆ ಎದ್ದು ಹೋದವು.

ವಾರ ಕಳೆದ ಮೇಲೆ ಪಟ್ಟಾಭಿರಾಮಯ್ಯನವರೇ ಅಂಗಡಿಗೆ ಬಂದರು. ಸುತ್ತಮುತ್ತ ನೋಡಿ, ದನಿ ತಗ್ಗಿಸಿ, ವೀಣೆಗೇ ಅಂಟಿಸುವ ಮೈಕು ಅಂತ ಏನೋ ಬಂದಿದೆಯಂತಲ್ಲ, ಅದು ನಿಮ್ಮಿಂದ ಆಗುತ್ತದೆಯೇ ಎಂದು ಕೇಳಿದರು. ದನಿ ತಗ್ಗಿಸಲು ಕಾರಣವಿತ್ತು. ವೀಣೆಗೆ ಕಾಂಟಾಕ್ಟ್ ಮೈಕ್ ಹಚ್ಚುವುದು ಸರಸ್ವತಿಗೆ ಮೂಗುದಾರ ಹಾಕಿದಂತೆ ಎಂದು ಹಿಂದಿನ ವರ್ಷವಷ್ಟೇ ಅವರು ಸಭೆಯೊಂದರಲ್ಲಿ ಗುಡುಗಿದ್ದರು.

ಪುಟ್ಟರಾಜು ಆಗುತ್ತದೆ ಎಂದುಬಿಟ್ಟ. ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಕರೆಗಂಟೆಯ ಬಜರಿನೊಳಗಿನ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿಕೊಂಡ. ಪೀಜೋ ಎಂದು ಅದರ ಹೆಸರು. ಅದುರಿದರೆ ಸಾಕು, ಚೂರು ಕರೆಂಟು ಹುಟ್ಟಿಸುತ್ತದೆ. ವೀಣೆಗೆ ಒತ್ತಿ ನೇರವಾಗಿ ಆಂಪ್ಲಿಫೈಯರಿಗೆ ಕೊಟ್ಟ. ಎಣ್ಣೆ ಡಬ್ಬ ಬಡಿದ ಹಾಗೆ ಬಂತು. ಮಂದ್ರವೆಲ್ಲ ಸೋರಿಹೋಗಿ ಬರೀ ಕೀರಲು ಉಳಿದಿತ್ತು. ಪಟ್ಟಾಭಿರಾಮಯ್ಯನವರು ಕಿವಿ ಮುಚ್ಚಿಕೊಂಡರು.

ಉತ್ತರ ಸಿಕ್ಕಿದ್ದು ಬೆಂಗಳೂರಿನಲ್ಲಿ. ಸ್ಪೀಕರ್ ಕೋನು ತರಲು ಎಸ್.ಪಿ. ರೋಡಿಗೆ ಹೋದವನು ಹಳೇ ಪುಸ್ತಕದ ರಾಶಿಯಲ್ಲಿ ಒಂದು ವಿಲಾಯತಿ ಪತ್ರಿಕೆ ಕಂಡ. ಅದರಲ್ಲಿ ಆಳೆತ್ತರದ ಪಿಟೀಲನ್ನು ತಬ್ಬಿಕೊಂಡು ನಿಂತ ಒಬ್ಬ ಬಿಳಿ ದೊರೆಯ ಚಿತ್ರ, ಕೆಳಗೆ ಡಬಲ್ ಬೇಸ್ ಎಂಬ ಹೆಸರು, ಪಕ್ಕದಲ್ಲಿ ಒಂದು ಸರ್ಕ್ಯೂಟು. ಇಂಗ್ಲಿಷು ಅರ್ಧ ತಿಳಿಯಿತು, ಸರ್ಕ್ಯೂಟು ಪೂರ್ತಿ ತಿಳಿಯಿತು. ಆ ದೊಡ್ಡ ವಾದ್ಯದ ಮಂದ್ರಕ್ಕೂ ಇದೇ ರೋಗ. ಬಿಲ್ಲೆಯ ದನಿ ಬಲು ನಾಜೂಕು, ಆಂಪ್ಲಿಫೈಯರು ಅದನ್ನು ಒರಟಾಗಿ ಎಳೆದುಕೊಂಡರೆ ತಗ್ಗಿನ ಸ್ವರ ಮೊದಲು ಸಾಯುತ್ತದೆ. ನಡುವೆ ಪ್ರೀಆಂಪ್ ಎಂಬ ಪುಟ್ಟ ಸರ್ಕ್ಯೂಟು ಕೂರಬೇಕು. ಅದು ಬಿಲ್ಲೆಯನ್ನು ಎಳೆಯದೆ, ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡು, ಆಮೇಲೆ ಗಟ್ಟಿಯಾಗಿ ಮುಂದಕ್ಕೆ ದಾಟಿಸುತ್ತದೆ.

ಕೂರಿಸುವುದಕ್ಕೆ ಲೋಹದ ಡಬ್ಬಿಯೇ ಬೇಕಿತ್ತು, ಇಲ್ಲದಿದ್ದರೆ ಟ್ಯೂಬ್‌ಲೈಟಿನ ಗುಂಯ್ ಎಲ್ಲ ಒಳಗೆ ನುಗ್ಗುತ್ತಿತ್ತು. ಪುಟ್ಟರಾಜುವಿನ ತಾಯಿ ಪಾರ್ವತಮ್ಮನ ಹತ್ತಿರ ತವರಿನಿಂದ ತಂದ ಹಿತ್ತಾಳೆಯ ಎಲಡಿಕೆ ಡಬ್ಬಿಯಿತ್ತು, ಮುಚ್ಚಳ ಬಲು ಬಿಗಿ. ಎಲೆ, ಅಡಿಕೆ, ಸುಣ್ಣದ ಕರಡಿಗೆಯನ್ನು ಸೆರಗಿಗೆ ಸುರುವಿಕೊಂಡು ಆ ಮಹಾತಾಯಿ ಡಬ್ಬಿಯನ್ನು ಮಗನ ಕೈಗಿತ್ತಳು. ಅವನು ಅದಕ್ಕೆ ಎರಡು ತೂತು ಕೊರೆದ. ಅಂದಿನಿಂದ ಅವಳ ಎಲಡಿಕೆ ಪ್ಲಾಸ್ಟಿಕ್ ಕವರಿಗೆ ಬಂತು.

ಇನ್ನು ಅಂಟು. ಟೇಪು ಹಚ್ಚಿದರೆ ಪರಪರ, ಗೋಂದು ಹಚ್ಚಿದರೆ ಸಪ್ಪೆ. ಒಂದು ದಿನ ಹಾಸನದ ಅವರ ಮನೆಯಲ್ಲಿ ಪಟ್ಟಾಭಿರಾಮಯ್ಯನವರು ಮೇಳ ಕಟ್ಟುತ್ತಿದ್ದರು. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವ ಕೆಲಸ ಅದು. ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿ, ಅಂಗೈಯ ಶಾಖದಲ್ಲಿ ನಾದಿ, ಬೆರಳಲ್ಲಿ ಒತ್ತುತ್ತಿದ್ದರು. ನೋಡುತ್ತ ಕುಳಿತಿದ್ದ ಪುಟ್ಟರಾಜು ಒಂದು ಗೋಲಿಯಷ್ಟು ಮೇಣ ಕೇಳಿದ. ಅವರು ತಮ್ಮ ತಂದೆಯ ಕಾಲದ ಮೇಣದುಂಡೆಯಿಂದ ಮುರಿದು ಕೊಟ್ಟರು. ವೀಣೆಯ ತಂತಿಗಳನ್ನು ಹೊರುವ ಕುದುರೆಯ ಕಾಲುಗಳ ನಡುವೆ, ಹೊರಗೆ ಕಾಣದಂತೆ, ಬಿಲ್ಲೆಯನ್ನು ಆ ಮೇಣದಲ್ಲಿ ಕೂರಿಸಿದ. ಮಂದ್ರದ ಷಡ್ಜ ನುಡಿದದ್ದೇ ತಡ, ಪಟ್ಟಾಭಿರಾಮಯ್ಯನವರ ಕಣ್ಣು ತುಂಬಿತು. ಅಡುಗೆಮನೆಯಿಂದ ಅವರ ಹೆಂಡತಿ ಜಯಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತರು.

ಆಗ ಪಟ್ಟಾಭಿರಾಮಯ್ಯನವರು ವೀಣೆಯ ಕೊಡದ ಮೇಲೆ ಕೈಯಿಟ್ಟು ಹೇಳಿದರು: “ಈ ವಿಷಯ ಸದ್ಯಕ್ಕೆ ನಮ್ಮಲ್ಲೇ ಇರಲಿ ಪುಟ್ಟರಾಜು. ನನಗೆ ಅಂತ ಒಂದು ದೊಡ್ಡ ಸನ್ಮಾನ ಆಗೋ ದಿನ ನಿಮ್ಮನ್ನ ವೇದಿಕೆಗೆ ಕರೆದು, ಈ ನಾದ ಇವರದು ಅಂತ ನಾನೇ ಹೇಳ್ತೀನಿ. ವೀಣೆ ಮುಟ್ಟಿ ಹೇಳ್ತಿದೀನಿ.”

ಪುಟ್ಟರಾಜುವಿಗೆ ಅಷ್ಟು ಸಾಕಾಗಿತ್ತು. ವೀಣೆ ಮುಟ್ಟಿ ಆಡಿದ ಮಾತು ತಪ್ಪುವುದುಂಟೆ?

ಹತ್ತು ವರ್ಷ. ಚನ್ನರಾಯಪಟ್ಟಣ, ಅರಕಲಗೂಡು, ದುದ್ದ, ಮೈಸೂರು, ಎಲ್ಲಿ ಕಚೇರಿಯಾದರೂ ಪುಟ್ಟರಾಜು ಒಂದು ಗಂಟೆ ಮೊದಲೇ ಹಾಜರು. ಅಂಗೈಯಲ್ಲಿ ಮೇಣ ನಾದುವುದು, ಬಿಲ್ಲೆ ಕೂರಿಸುವುದು, ವಯರನ್ನು ರೇಷ್ಮೆ ಹೊದಿಕೆಯ ಕೆಳಗೆ ತೂರಿಸಿ, ಡಬ್ಬಿಯನ್ನು ಅವರ ಶಾಲಿನ ಮರೆಯಲ್ಲಿ ಇಡುವುದು. ಡಬ್ಬಿ ಅವರ ಮನೆಯ ವೀಣೆಪೆಟ್ಟಿಗೆಯಲ್ಲೇ ಇರುತ್ತಿತ್ತು. ಜನರ ಕಣ್ಣಿಗೆ ಮುಂದೊಂದು ಸ್ಟ್ಯಾಂಡು, ಅದಕ್ಕೊಂದು ಮೈಕು. ಅದಕ್ಕೆ ಪ್ರಾಣವಿರಲಿಲ್ಲ, ಬರೀ ದೃಷ್ಟಿಬೊಂಬೆ. ಒಂದು ಸಾದಾ ಮೈಕಿನಲ್ಲಿ ಇಂಥ ನಾದವೇ ಎಂದು ಜನ ಬೆರಗಾಗುತ್ತಿದ್ದರು. ಎಲ್ಲ ಬೆರಳಿನ ಸಾಧನೆ ಎಂದು ವಿಮರ್ಶಕರು ಬರೆದರು. ಪುಟ್ಟರಾಜು ಮೂಲೆಯ ಮೇಜಿನ ಹಿಂದೆ ಕುಳಿತು, ಮದುವೆಯಾಗದ ಹೆಣ್ಣಿನ ಗುಟ್ಟು ಬಲ್ಲ ಸೋದರತ್ತೆಯ ಹಾಗೆ ಒಳಗೊಳಗೇ ನಗುತ್ತಿದ್ದ. ಹೆಂಡತಿಗೂ ಬಾಯಿ ಬಿಡಲಿಲ್ಲ. ಊರಿನಲ್ಲಿ ಗಲಾಟೆ ಪುಟ್ಟರಾಜು ಗಲಾಟೆ ಪುಟ್ಟರಾಜುವಾಗಿಯೇ ಉಳಿದ.

ಎರಡು ಸಾವಿರದ ಮೂರರಲ್ಲಿ ಆ ದಿನ ಬಂತು. ಹಾಸನದ ಒಂದು ಸಭೆಯವರು ಪಟ್ಟಾಭಿರಾಮಯ್ಯನವರಿಗೆ ಬಿರುದು ಕೊಡುವುದೆಂದು ನಿಶ್ಚಯಿಸಿದರು. ಭಾನುವಾರ ಬೆಳಗ್ಗೆ ಸನ್ಮಾನ, ಆಮೇಲೆ ಅವರದೇ ಕಚೇರಿ. ಪುಟ್ಟರಾಜು ಹೊಸ ಷರಟು ಹೊಲಿಸಿದ. ಹಳ್ಳಿಮೈಸೂರಿಗೆ ಹೋಗಿ ತಾಯಿಯನ್ನು ಕರೆತಂದ. ಈವತ್ತು ಸಾವಿರ ಜನದ ಮುಂದೆ ನಿನ್ನ ಮಗನ ಹೆಸರು ಹೇಳುತ್ತಾರೆ ಎಂದಷ್ಟೇ ಹೇಳಿದ. ಎಪ್ಪತ್ತು ದಾಟಿದ ಪಾರ್ವತಮ್ಮ ಪೆಟ್ಟಿಗೆಯ ತಳದಿಂದ ರೇಷ್ಮೆ ಸೀರೆ ತೆಗೆದು ಉಟ್ಟಳು. ಅವನು ಅವಳನ್ನು ತನ್ನ ಮೇಜಿನ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡ, ವೇದಿಕೆಗೆ ಕರೆದಾಗ ಕೈಹಿಡಿದು ಹೇಳಿಹೋಗಲು ಹತ್ತಿರವಿರಲಿ ಎಂದು.

ಹಾರ, ಪೇಟ, ಫಲತಾಂಬೂಲ ಆಯಿತು. ಪಟ್ಟಾಭಿರಾಮಯ್ಯನವರು ಮಾತಿಗೆ ನಿಂತರು. ತಂದೆಯನ್ನು ನೆನೆದರು, ಗುರುಗಳನ್ನು ನೆನೆದರು. ಪುಟ್ಟರಾಜು ಕುರ್ಚಿಯ ತುದಿಗೆ ಸರಿದ. ಅಷ್ಟರಲ್ಲಿ ಸಭೆಯ ಅಧ್ಯಕ್ಷರು ಹೊಗಳುವ ಹುಮ್ಮಸ್ಸಿನಲ್ಲಿ, ಇವರ ವೀಣೆಗೆ ಮಿಷನ್ನಿನ ಹಂಗಿಲ್ಲ ಎಂದರು. ಪಟ್ಟಾಭಿರಾಮಯ್ಯನವರ ಕಣ್ಣು ಮೂಲೆಯ ಮೇಜಿಗೆ ಬಂದು ಹೋಯಿತು.

“ಅಧ್ಯಕ್ಷರು ಹೇಳಿದ್ದು ನಿಜ,” ಎಂದರು. “ಈವತ್ತಿನವರೆಗೆ ನನ್ನ ವೀಣೆಗೆ ನಾನು ಒಂದು ವಯರು ಸೋಕಿಸಿಲ್ಲ. ಈ ದನಿ ನಮ್ಮ ತಂದೆಯವರ ಆಶೀರ್ವಾದ.”

ಚಪ್ಪಾಳೆ ಬಿತ್ತು. ಆಮೇಲೆ ಮೃದಂಗದವರಿಗೆ, ಹಾರ ಕಟ್ಟಿದವರಿಗೆ, ಕಾಫಿ ಮಾಡಿದವರಿಗೆಲ್ಲ ಹೆಸರು ಹಿಡಿದು ವಂದಿಸಿದರು. ಕೊನೆಗೆ, ಮೈಕ್‌ಸೆಟ್‌ನವರಿಗೂ ವಂದನೆ ಎಂದು ಕೈಮುಗಿದು ಕುಳಿತರು.

ಪಾರ್ವತಮ್ಮ ಮಗನ ತೋಳು ಮುಟ್ಟಿದಳು. “ನಿನ್ ಎಸ್ರು ಯಾವಾಗ್ಲಾ ಯೋಳದು?”

ಅವನು ಮೇಜಿನ ಮೇಲಿನ ವಯರುಗಳನ್ನು ಸರಿಪಡಿಸತೊಡಗಿದ.

ಕಚೇರಿ ಶುರುವಾಯಿತು. ಆಂಪ್ಲಿಫೈಯರಿನಲ್ಲಿ ವೀಣೆಯ ದನಿಯ ಗುಂಡಿ ಪುಟ್ಟರಾಜುವಿನ ಹೆಬ್ಬೆರಳ ಕೆಳಗಿತ್ತು. ಅದನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿದ್ದರೆ ಸಾಕಿತ್ತು, ಆಶೀರ್ವಾದದ ದನಿ ಎಷ್ಟು ದೂರ ಹೋಗುತ್ತದೆಂದು ಊರಿಗೇ ಗೊತ್ತಾಗುತ್ತಿತ್ತು. ಅವನಿಗೆ ಅಂಥ ಸಿಟ್ಟು ಬಂದಿತ್ತು. ಆದರೆ ಮಂದ್ರದಲ್ಲಿ ರಾಗ ಎದ್ದು ನಿಂತಾಗ ಅವನಿಗೆ ಆಗಲಿಲ್ಲ. ಆ ನಾದ ಅವನು ಹೆತ್ತದ್ದು. ಅದರ ಕತ್ತು ಅವನೇ ಹಿಸುಕುವುದು ಹೇಗೆ? ಮೋಸ ಹೋದವನೇ ಮೋಸಕ್ಕೆ ಕಾವಲು ಕುಳಿತು ಎರಡು ಗಂಟೆ ಗುಂಡಿ ಹಿಡಿದುಕೊಂಡಿದ್ದ. ಹೊಟ್ಟೆಯಲ್ಲಿ ಬೆಂಕಿ, ಕಿವಿಯಲ್ಲಿ ಸ್ವರ್ಗ.

ಮುಗಿದ ಮೇಲೆ ಪಟ್ಟಾಭಿರಾಮಯ್ಯನವರು ಹಿಂದಿನ ಕೋಣೆಯಲ್ಲಿ ಸಿಕ್ಕರು. ಒಂದು ಸೇಬು ಕೊಟ್ಟು, ಅಧ್ಯಕ್ಷರು ಹಾಗೆ ಅಂದಮೇಲೆ ಅಲ್ಲ ಅನ್ನುವುದು ಹೇಗೆ, ನೀವೇ ಅರ್ಥ ಮಾಡಿಕೊಳ್ಳಬೇಕು ಎಂದರು. ಮುಖ ನೋಡಿ ಹೇಳಲಿಲ್ಲ, ಸೇಬು ನೋಡಿ ಹೇಳಿದರು. ಮುಂದಿನ ಕಚೇರಿಗೆ ಹಾಸನದ ಬೇರೆ ಮೈಕಿನವರನ್ನು ಕರೆದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಪುಟ್ಟರಾಜು ಯಾರ ಮುಂದೆಯೂ ಅಳಲಿಲ್ಲ. ಹೇಳಿಕೊಂಡರೂ ನಂಬುವವರು ಯಾರು? ಹತ್ತು ವರ್ಷ ಗುಟ್ಟು ಕಾಯ್ದದ್ದೇ ಈಗ ಅವನ ಕುತ್ತಿಗೆಗೆ ಬಂದಿತ್ತು. ಹಾಡಿನ ಕ್ಯಾಸೆಟ್ಟು ಹಾಕುವಾಗಲೂ ಅವನಿಗೆ ವೀಣೆ ಇರುವ ಕಡೆ ಕೇಳಲಾಗುತ್ತಿರಲಿಲ್ಲ, ಪಕ್ಕನೆ ನಿಲ್ಲಿಸಿಬಿಡುತ್ತಿದ್ದ. ತಾಯಿ ಮತ್ತೆಂದೂ ಹೆಸರಿನ ಮಾತೆತ್ತಲಿಲ್ಲ. ಅದೇ ಅವನಿಗೆ ಹೆಚ್ಚು ಉರಿಯುತ್ತಿತ್ತು.

ಏಳು ತಿಂಗಳ ಮೇಲೆ, ಬಿರುಬೇಸಗೆಯಲ್ಲಿ, ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಇಳಿದವನು ಪಟ್ಟಾಭಿರಾಮಯ್ಯನವರ ಮಗ ಪ್ರದ್ಯುಮ್ನ, ಚನ್ನರಾಯಪಟ್ಟಣದಲ್ಲಿ ಬ್ಯಾಂಕಿನ ಕೆಲಸದವನು. ಹಿಂದಿನ ಸೀಟಿನಲ್ಲಿ ವೀಣೆ, ಕೈಯಲ್ಲಿ ಹಿತ್ತಾಳೆ ಡಬ್ಬಿ. ಆ ಹೊತ್ತಿಗೆ ಪಾರ್ವತಮ್ಮ ಊರಿಂದ ಬಂದು ಅಂಗಡಿಯ ಬೆಂಚಿನ ಮೇಲೆ ಕುಳಿತು, ಪ್ಲಾಸ್ಟಿಕ್ ಕವರಿನಿಂದ ಎಲೆ ತೆಗೆಯುತ್ತಿದ್ದಳು.

ಪ್ರದ್ಯುಮ್ನ ನಾಚುತ್ತ ವಿಷಯ ಬಿಚ್ಚಿದ. ಚನ್ನರಾಯಪಟ್ಟಣದ ಕಚೇರಿಯಲ್ಲಿ ಲೈಟಿನ ಶಾಖಕ್ಕೆ ಮೇಣ ಕರಗಿ ಬಿಲ್ಲೆ ಬಿದ್ದುಹೋಗಿತ್ತು. ಬೇಸಗೆಯಲ್ಲಿ ಮೇಣಕ್ಕೆ ಕಪ್ಪು ಪುಡಿ ಹೆಚ್ಚು ಸೇರಿಸಬೇಕೆಂದು ಹೊಸ ಮೈಕಿನವನಿಗೆ ಏನು ಗೊತ್ತು? ಆಮೇಲೆ ಪ್ರದ್ಯುಮ್ನನೇ ಗಟ್ಟಿ ಅಂಟು ಹಾಕಿ ಒತ್ತಿದ್ದ, ಬಿಲ್ಲೆ ಬಿರುಕು ಬಿಟ್ಟಿತ್ತು. ಈಗ ಏನು ಮಾಡಿದರೂ ತಗಡಿನ ಸದ್ದು. ಮುಂದಿನ ಭಾನುವಾರ ಮೈಸೂರಿನಲ್ಲಿ ದೊಡ್ಡ ಕಚೇರಿ. ಅಪ್ಪ ಊಟ ಬಿಟ್ಟಿದ್ದಾರೆ, ನಿಮ್ಮ ಹೆಸರು ಹೇಳಿ ಕಳಿಸಿದರು ಎಂದ.

ಹೆಸರು ಹೇಳಿ ಕಳಿಸಿದರು. ಪುಟ್ಟರಾಜು ಆ ಮಾತನ್ನು ಒಂದು ಸಲ ಒಳಗೇ ತಿರುಗಿಸಿ ನೋಡಿದ. ಏಳು ತಿಂಗಳ ಹಿಂದೆ ಅವರ ಬಾಯಿಂದ ಬರಬೇಕಿದ್ದದ್ದು ಈಗ ಮಗನ ಬಾಯಿಂದ, ಬಾಗಿಲ ಮರೆಯಲ್ಲಿ.

“ಇದ್ದಿದ್ದು ಕೆಟ್ಟೋದ್ರೆ ರಿಪೇರಿ ಮಾಡಬೋದು ಸಾ,” ಎಂದ. “ನಿಮ್ಮ ತಂದೆಯೋರು ಸಾವಿರ ಜನದ ಮುಂದೆ ವೀಣೆಗೆ ಏನೂ ಸೋಕಿಸಿಲ್ಲ ಅಂದವ್ರೆ. ಇಲ್ದೇ ಇರೋದ್ನ ನಾನೆಂಗೆ ರಿಪೇರಿ ಮಾಡ್ಲಿ?”

ಪ್ರದ್ಯುಮ್ನ ತಲೆ ತಗ್ಗಿಸಿದ. ಅವನೂ ಅಂದು ಸಭೆಯಲ್ಲಿದ್ದವನೇ, ಚಪ್ಪಾಳೆ ತಟ್ಟಿದವನೇ. ಕಾರಿನ ಕಡೆ ತಿರುಗಿದ.

“ಡಬ್ಬಿ ನಮ್ಮವ್ವಂದು,” ಎಂದ ಪುಟ್ಟರಾಜು. “ಅದ್ನ ಕೊಟ್ಟೋಗಿ.”

ಕಾರು ಹೋಯಿತು. ಪುಟ್ಟರಾಜು ಸ್ಕ್ರೂ ಬಿಚ್ಚಿದ, ಹತ್ತು ವರ್ಷ ದುಡಿದ ಸರ್ಕ್ಯೂಟನ್ನು ಹೊರತೆಗೆದು ಗುಜರಿ ಡಬ್ಬಕ್ಕೆ ಹಾಕಿದ. ಹಾಕಿದ ಮೇಲೆ ನೆಮ್ಮದಿಯಾಗುತ್ತದೆಂದು ತಿಳಿದಿದ್ದ. ಆಗಲಿಲ್ಲ. ಭಾನುವಾರ ಮೈಸೂರಿನಲ್ಲಿ ಮಂದ್ರ ಷಡ್ಜ ಯಾರಿಗೂ ಕೇಳಿಸುವುದಿಲ್ಲ ಎಂಬುದೇ ಮನಸ್ಸಿನಲ್ಲಿ ಕೂತಿತು. ಖಾಲಿ ಡಬ್ಬಿಯನ್ನು ಒರೆಸಿ ತಾಯಿಯ ಮಡಿಲಿಗಿಟ್ಟ.

ಪಾರ್ವತಮ್ಮ ಅದನ್ನು ತಿರುಗಿಸಿ ನೋಡಿದಳು. ಎರಡು ತೂತಿನಲ್ಲಿ ಬೆರಳಾಡಿಸಿದಳು.

“ತೂತ್ ಮುಚ್ಚಕ್ಕೆ ಏನಾರಾ ಐತೇನ್ಲಾ?”

ಪುಟ್ಟರಾಜು ಮೇಜಿನ ಖಾನೆ ಎಳೆದ. ಮೂಲೆಯಲ್ಲಿ ಗೋಲಿಯಷ್ಟು ಕಪ್ಪು ಮೇಣ ಉಳಿದಿತ್ತು. ಅಂಗೈಯಲ್ಲಿಟ್ಟು ನಾದತೊಡಗಿದ.