ಹಸು ಫೇಲಾದ ಪರೀಕ್ಷೆ

ನಮ್ಮ ಹಸು ಐದು ತಿಂಗಳ ಗಬ್ಬ. ಅದರಲ್ಲಿ ಅನುಮಾನವೇ ಇರಲಿಲ್ಲ. ದನದ ಡಾಕ್ಟರು ಭುಜದವರೆಗೆ ಗ್ಲೌಸು ಹಾಕಿಕೊಂಡು, ಕೈ ಒಳಗೆ ಬಿಟ್ಟು ನೋಡಿ, "ಅಜ್ಜಿ, ನಿಂತೈತೆ" ಅಂತ ಹೇಳಿ ಹೋಗಿದ್ದರು. ಹಾಗಿದ್ದೂ ಆಂಡರ್ಸನ್‌ಪೇಟೆ ಮೆಡಿಕಲ್ ಅಂಗಡಿಯ ಒಂದು ಪ್ಲಾಸ್ಟಿಕ್ ಪಟ್ಟಿ ಅದನ್ನು ಗಬ್ಬವೇ ಅಲ್ಲ ಅಂದುಬಿಟ್ಟಿತು. ಆ ಪಟ್ಟಿಗೆ ಹಸುವಿನ ಗಂಜಲ ಬಿಟ್ಟವಳು ನಾನೇ. ಯಾಕೆ ಬಿಟ್ಟೆ ಅಂತ ಹೇಳುತ್ತೇನೆ, ಆಮೇಲೆ ನಗಿ.

ನನ್ನ ಚಿಕ್ಕ ಸೊಸೆಗೆ ಮದುವೆಯಾಗಿ ನಾಲ್ಕು ವರ್ಷ. ಚಾಂಪಿಯನ್ ರೀಫ್ಸಿನಲ್ಲಿರುವ ದೊಡ್ಡ ಮಗನಿಗೆ ಎರಡು ಮಕ್ಕಳಿದ್ದಾವೆ, ಇವಳಿಗೆ ಆಗಿರಲಿಲ್ಲ. ಬಂಗಾರಪೇಟೆ ಹತ್ತಿರ ಬಟ್ಟೆ ಹೊಲಿಯೋ ಫ್ಯಾಕ್ಟರಿಗೆ ವ್ಯಾನಿನಲ್ಲಿ ಹೋಗಿ ಬರುತ್ತಾಳೆ. ನಾನು ಯಾವತ್ತೂ ಅವಳನ್ನು ಒಂದು ಮಾತು ಕೇಳಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲ ವರ್ಷ ಹಬ್ಬಕ್ಕೊಂದು ಸಲ ಕೇಳಿದೆ. ಎರಡನೇ ವರ್ಷ ದಿನಾ ಕೇಳಿದೆ. ಒಂದು ದಿನ ಅವಳು ಮುದ್ದೆ ಮುರಿದವಳು ಹಾಗೇ ಕೈ ತೊಳೆದು ಎದ್ದು ಹೋದಳು. ಅವತ್ತಿಂದ ಬಾಯಿ ಮುಚ್ಚಿಕೊಂಡೆ. ಆದರೆ ನನ್ನ ಬಾಯಿ ಮುಚ್ಚಿದರೆ ಊರಿನ ಬಾಯಿ ಮುಚ್ಚುತ್ತದಾ? ಡೈರಿಗೆ ಹಾಲು ಹಾಕೋಕೆ ಹೋದರೆ, "ಹಸು ಗಬ್ಬ ಆಯ್ತಂತೆ, ಸೊಸೆ ಯಾವಾಗ?" ಅನ್ನುತ್ತಿದ್ದರು.

ನಮ್ಮ ಕಾಲದಲ್ಲಿ ಪಟ್ಟಿ ಗಿಟ್ಟಿ ಇರಲಿಲ್ಲ. ದೊಡ್ಡ ಮಗ ಹೊಟ್ಟೆಯಲ್ಲಿದ್ದಾಗ ನಾನು ರಾಗಿ ಹೊಲದಲ್ಲಿ ಕಳೆ ಕೀಳುತ್ತಾ, ವಾಯು ತುಂಬಿಕೊಂಡಿದೆ ಅಂತ ನಾಲ್ಕು ತಿಂಗಳು ಓಮಿನ ಕಾಳು ಜಗಿದೆ. ಐದನೇ ತಿಂಗಳು ವಾಯು ಒದೆಯಿತು. ಆಗ ಗೊತ್ತಾಯಿತು.

ಒಂದು ಮಧ್ಯಾಹ್ನ ಹಿತ್ತಲಿನ ಬಚ್ಚಲ ಹತ್ತಿರ ಸೊಸೆ ಕುಕ್ಕರುಗಾಲಲ್ಲಿ ಕೂತು ಅಳುತ್ತಿದ್ದಳು. ಕೈಯಲ್ಲಿ ಬೆರಳುದ್ದದ ಬಿಳೀ ಪ್ಲಾಸ್ಟಿಕ್.

"ಏನೇ ಅದು?"

"ಏನಿಲ್ಲ ಅತ್ತಮ್ಮ."

"ಏನಿಲ್ದಿದ್ರೆ ಯಾಕೆ ಅಳ್ತೀಯ?"

ಹೇಳಿದಳು. ಉಚ್ಚೆ ಮೂರು ತೊಟ್ಟು ಬಿಟ್ಟರೆ ಗೆರೆ ಬರುತ್ತದಂತೆ. ಎರಡು ಬಂದರೆ ಬಸುರಿ, ಒಂದೇ ಬಂದರೆ ಇಲ್ಲ. ಇವಳಿಗೆ ಒಂದೇ ಬಂದಿತ್ತು.

"ಅಂಗಂತ ಯಾರು ಏಳಿದ್ದು?"

"ಡಬ್ಬಿ ಮೇಲೆ ಬರ್ದೈತೆ."

"ಡಬ್ಬಿ ಮೇಲೆ ಬರ್ದೋನು ನಿನ್ನ ಒಟ್ಟೆ ಒಳಗೆ ಇಣುಕಿ ನೋಡಿದ್ನಾ?"

ತಲೆ ಸವರುವುದು, ಕಣ್ಣೀರು ಒರೆಸುವುದು ನನಗೆ ಬರುವುದಿಲ್ಲ. ಆದರೆ ಹೊಸ ತಕ್ಕಡಿ ಮನೆಗೆ ಬಂದರೆ ತೂಕ ಗೊತ್ತಿರುವ ಕಲ್ಲನ್ನು ಇಟ್ಟು ನೋಡಬೇಕು, ಅಷ್ಟು ಗೊತ್ತು. ನಮ್ಮ ಮನೆಯಲ್ಲಿ ಗೊತ್ತಿರುವ ಬಸುರಿ ಅಂದರೆ ಹಸು ಒಂದೇ. ಸೊಸೆ ಎರಡು ಪಟ್ಟಿ ತಂದಿದ್ದಳು. ಉಳಿದದ್ದನ್ನು ಕಿತ್ತುಕೊಂಡು ಕೊಟ್ಟಿಗೆಗೆ ಹೋದೆ.

ಗಂಜಲ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮೂರಲ್ಲಿಲ್ಲ. ಯಾರ ಮನೆ ಗೃಹಪ್ರವೇಶವಾದರೂ ಬೆಳಗ್ಗೆ ಚೊಂಬು ಹಿಡಿದು ನಮ್ಮ ಬಾಗಿಲಿಗೇ ಬರುತ್ತಾರೆ. ಬಾಲ ಎತ್ತಿ ಕೆಳಗೆ ಮೆತ್ತಗೆ ಬೆರಳಾಡಿಸಿದೆ, ಹಸು ಬಿಟ್ಟಿತು. ಮೂರು ತೊಟ್ಟು ಬಿಟ್ಟು ಕಾದೆ. ಅಷ್ಟರಲ್ಲಿ ಚಿಕ್ಕ ಮಗ ಬಂದ.

"ಅಮ್ಮಾ, ಏನ್ ಮಾಡ್ತಿದ್ದೀಯ?"

"ಎಂಗಸ್ರ ಇಚಾರ. ನೀನು ಮೇವು ತರೋಗ್ಲಾ."

"ಅಸೂನೂ ಎಂಗಸೇನಾ?"

"ಗಂಡಸಾಗಿದ್ರೆ ಆಲು ಕುಡೀತಿದ್ದೇನ್ಲಾ ನೀನು?"

ಪಟ್ಟಿಯಲ್ಲಿ ಬಂದದ್ದು ಒಂದೇ ಗೆರೆ. ಸೊಸೆಯ ಮುಖದ ಮುಂದೆ ಹಿಡಿದೆ. "ನೋಡೇ! ಐದು ತಿಂಗಳ ಗಬ್ಬಕ್ಕೇ ಇಲ್ಲ ಅಂತೈತೆ ಈ ಕಳ್ಳ ಪಟ್ಟಿ. ನಿಂಗೆ ಇಲ್ಲ ಅಂದಿದ್ದು ಯಾವ ಲೆಕ್ಕ?" ಅವಳು ಅಳುತ್ತಲೇ ನಕ್ಕಳು. ಅವತ್ತು ಎರಡು ಮುದ್ದೆ ಉಂಡಳು. ಮಾರನೇ ಬೆಳಗ್ಗೆ ನಾನು ಕಸದಿಂದ ಅವಳ ಪಟ್ಟಿ ಎತ್ತಿ ನೋಡಿದರೆ ಬೂದಿ ಬಣ್ಣದ್ದು ಇನ್ನೊಂದು ಗೆರೆ ಕಾಣಿಸಿತು. ಅದನ್ನೂ ತೋರಿಸಿದೆ. ಅವಳು ಅದನ್ನು ಕರ್ಚೀಫಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು.

ಅವತ್ತೇ ಸಂಜೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಬಂದಳು. ಊರಿಗಾಂ ಗಣಿ ಕೂಲಿಯವರ ಲೈನಿನಲ್ಲಿ ಹುಟ್ಟಿದವಳು, ತಮಿಳು ಮನೆಮಾತು, ಅಜ್ಜಿ ಅನ್ನೋಕೆ ನನ್ನನ್ನು ಪಾಟಿ ಅಂತ ಕರೆಯುತ್ತಾಳೆ. ಅಂಗಡಿಯವನು ಮೋಸದ ಪಟ್ಟಿ ಮಾರುತ್ತಿದ್ದಾನೆ ಅಂತ ದೂರು ಹೇಳಿ, ಹಸುವಿನ ಸಾಕ್ಷಿ ಕೊಟ್ಟೆ. ಅವಳು ಜಗಲಿ ಹಿಡಿದುಕೊಂಡು ನಕ್ಕಳು.

"ಅಯ್ಯೋ ಪಾಟೀ! ಆ ಪಟ್ಟಿ ಹುಡುಕೋದು ಒಂದೇ ಒಂದು ಹಾರ್ಮೋನು. ಹೆಂಗಸಿನ ಗರ್ಭದಲ್ಲಿ ಪಿಂಡ ಅಂಟ್ಕೊಂಡ ಮೇಲೆ ಅದು ರಕ್ತಕ್ಕೆ ಬರ್ತದೆ, ರಕ್ತದಿಂದ ಉಚ್ಚೆಗೆ. ಹಸೂಗೆ ಆ ಹಾರ್ಮೋನೇ ಇಲ್ಲ. ಹತ್ತು ಕರು ಹೊತ್ಕೊಂಡಿದ್ರೂ ಒಂದೇ ಗೆರೆ."

"ಮತ್ತೆ ಆ ಒಂದಾದ್ರೂ ಯಾಕೆ ಬತ್ತದೆ?"

"ಪಟ್ಟಿ ಕೆಟ್ಟಿಲ್ಲ ಅಂತ ತೋರ್ಸೋಕೆ. ಅದೂ ಬರ್ದಿದ್ರೆ ಬಿಸಾಕ್ಬೇಕು."

ಸೊಸೆ ಒಳಗಿಂದ ಕರ್ಚೀಫು ತಂದು ಬಿಚ್ಚಿ, ಬೆಳಗ್ಗೆ ಕಂಡ ಎರಡನೇ ಗೆರೆ ತೋರಿಸಿದಳು. ಆಶಾ ನಗು ನಿಲ್ಲಿಸಿದಳು. "ಇದು ಒಣಗಿದ ಕಲೆ ಕಣಮ್ಮ. ಡಬ್ಬೀಲಿ ಬರ್ದಿರೋ ಐದು ನಿಮಿಷಕ್ಕೆ ನೋಡಿದ್ದೇ ನೋಡಿದ್ದು. ಮಾರನೇ ದಿನ ನೋಡಿದ್ದು ಲೆಕ್ಕಕ್ಕಿಲ್ಲ."

ಸೊಸೆ ಕರ್ಚೀಫು ಮತ್ತೆ ಮಡಿಸಿದಳು. ಊರವರು ನಾಲ್ಕು ವರ್ಷದಲ್ಲಿ ಅವಳಿಗೆ ಮಾಡದ್ದನ್ನು ನಾನು ಒಂದೇ ದಿನದಲ್ಲಿ ಮಾಡಿದ್ದೆ. ಇಲ್ಲದ ಆಸೆ ಕಟ್ಟಿ ಕೆಡವಿದ್ದೆ.

ಆಶಾಳ ಬ್ಯಾಗು ಹಿಡಿದು ಎಳೆದೆ. "ನಕ್ಕಿದ್ದು ಸಾಕು. ಇವಳಿಗೆ ಒಂದು ಗೆರೆ ಬಂತಲ್ಲ, ಅದು ನಿಜಾನಾ?"

ಆಶಾ ಅವಳನ್ನು ಕೇಳಿದಳು. "ಯಾವಾಗ ಮಾಡ್ದೆ?"

"ನಿನ್ನೆ. ತಿಂಗಳ ದಿನಕ್ಕೆ ಇನ್ನೂ ಎರಡು ದಿನ ಇತ್ತು. ತಡ್ಕೊಳ್ಳಕ್ಕಾಗ್ಲಿಲ್ಲ."

"ಬೆಳಗ್ಗೆ ಎದ್ದ ತಕ್ಷಣಾನಾ?"

"ಇಲ್ಲ, ಶಿಫ್ಟು ಮುಗ್ಸಿ ಬಂದು."

"ಏನಾದ್ರೂ ಕುಡಿದಿದ್ಯಾ?"

ಸೊಸೆ ನೆಲ ನೋಡಿದಳು. "ಉಚ್ಚೆ ಬರ್ಲಿಲ್ಲ ಅಂತ... ಎರಡು ಚೊಂಬು ನೀರು ಮಜ್ಜಿಗೆ."

"ಚೆನ್ನಾಗಿದೆ! ಡೈರಿಗೆ ಹಾಲು ಹಾಕೋ ಮನೆಯವಳು ನೀನು. ಅರ್ಧ ಲೀಟರು ಹಾಲಿಗೆ ಎರಡು ಚೊಂಬು ನೀರು ಹಾಕಿದ್ರೆ ಅಳತೆ ಕಡ್ಡೀಲಿ ಡಿಗ್ರಿ ಬರ್ತದಾ? ಉಚ್ಚೆನೂ ಹಂಗೇ, ನೀರಾದ್ರೆ ಗೆರೆ ಬರಲ್ಲ." ಆಶಾ ಬ್ಯಾಗಿನಿಂದ ಒಂದು ಪಟ್ಟಿ ತೆಗೆದು ಕೊಟ್ಟಳು. "ಎರಡು ಗೆರೆ ಸುಳ್ಳು ಹೇಳೋದು ಅಪರೂಪ. ಬೇಗ ನೋಡಿದ ಒಂದು ಗೆರೆ ಸುಳ್ಳಾಗ್ಬಹುದು. ದಿನ ದಾಟಿ ಒಂದು ವಾರ ಆಗ್ಲಿ. ಬೆಳಗ್ಗೆ ಎದ್ದ ಮೊದಲನೇದು. ಬಂದ್ರೂ ಆಸ್ಪತ್ರೇಲಿ ತೋರ್ಸು." ಹೋಗುತ್ತಾ ನನ್ನ ಕಡೆ ತಿರುಗಿದಳು. "ಪಾಟೀ, ಇದು ಹಸೂಗಲ್ಲ."

ಆ ದಿನಗಳನ್ನು ಹೇಗೆ ಕಳೆದೆ ಅಂತ ನನಗೇ ಗೊತ್ತು. ನಮ್ಮ ಮನೆಯಲ್ಲಿ ಹೊರಗಾದ ಹೆಂಗಸು ದೀಪ ಮುಟ್ಟುವುದಿಲ್ಲ. ಬೆಳಗ್ಗೆ ದೇವರ ಗೂಡಿನಲ್ಲಿ ದೀಪ ಉರಿಯುತ್ತಿದ್ದರೆ ಸೊಸೆ ಹೊರಗಾಗಿಲ್ಲ ಅಂತ ಅರ್ಥ. ದಿನಾ ಕೊಟ್ಟಿಗೆಯಿಂದಲೇ ಕತ್ತು ಚಾಚಿ ನೋಡುತ್ತಿದ್ದೆ. ದೇವರ ಮುಖ ನೋಡಲಿಲ್ಲ, ದೀಪ ನೋಡಿದೆ. ದಿನ ದಾಟಿತು, ದೀಪ ಉರಿಯಿತು. ಎರಡು, ಮೂರು, ನಾಲ್ಕು ದಿನ ಉರಿಯಿತು. ಐದನೇ ಬೆಳಗ್ಗೆ ಗೂಡು ಕತ್ತಲೆ.

ಕರೆಯುತ್ತಿದ್ದ ಹಾಲು ಅಲ್ಲೇ ಬಿಟ್ಟು ಒಳಗೆ ಹೋದೆ. ಸೊಸೆ ಸೊಪ್ಪು ಬಿಡಿಸುತ್ತಿದ್ದಳು.

"ದೀಪ ಯಾಕೆ ಅಚ್ಚಿಲ್ಲ?"

"ಎಣ್ಣೆ ಮುಗಿದೈತೆ ಅತ್ತಮ್ಮ."

"ಎಣ್ಣೆ ಮುಗಿದ್ರೆ ಬಾಯಿಬಿಟ್ಟು ಏಳಕ್ಕಾಗಲ್ವಾ ನಿಂಗೆ!"

ಬೀದಿಗೇ ಕೇಳುವ ಹಾಗೆ ಕೂಗಿದೆನಂತೆ. ಅಷ್ಟರಲ್ಲಿ ಹಸು ಬಕೆಟ್ಟು ಒದ್ದಿತ್ತು.

ವಾರ ತುಂಬಿದ ದಿನ ಬೆಳಗ್ಗೆ ಹಾಲು ಕರೆಯುತ್ತಿದ್ದೆ. ಸೊಸೆ ಬಂದು ಪಕ್ಕದಲ್ಲಿ ನಿಂತು ಪಟ್ಟಿ ಚಾಚಿದಳು. ನನಗೆ ಪೊರೆ ತೆಗೆಸಿದ ಕಣ್ಣು ಒಂದೇ ನೆಟ್ಟಗೆ ಕಾಣೋದು. ಆ ಕಣ್ಣಿಗೆ ಹತ್ತಿರ ಹಿಡಿದೆ. ಒಂದು ಗೆರೆ ದಪ್ಪ, ಇನ್ನೊಂದು ಸಣ್ಣ.

"ಇದು ತೆಳ್ಳಗೈತಲ್ಲೇ."

"ತೆಳ್ಳಗಿದ್ರೂ ಗೆರೇನೇ ಅತ್ತಮ್ಮ. ಕೆಂಪಗೈತೆ ನೋಡಿ, ಬೂದಿ ಅಲ್ಲ. ಗಡಿಯಾರ ಇಟ್ಕೊಂಡೇ ನೋಡ್ದೆ." ಅಷ್ಟು ಹೇಳಿ ಜೋರಾಗಿ ಅಳೋಕೆ ಶುರು ಮಾಡಿದಳು.

"ಅಳೋದಾದ್ರೆ ಆಚೆ ನಿಂತು ಅಳು, ಅಸು ಬೆದರಿ ಆಲು ಏರಿಸ್ಕೊಂತದೆ" ಅಂದೆ. ಪಟ್ಟಿ ವಾಪಸು ಕೊಡಲಿಲ್ಲ. ಒಳಗೆ ಹೋಗಿ ದೇವರ ಗೂಡಿನಲ್ಲಿ ದೀಪದ ಪಕ್ಕ ಇಟ್ಟೆ. ಸೊಸೆ ಹಿಂದೆಯೇ ಓಡಿ ಬಂದಳು.

"ಅತ್ತಮ್ಮಾ! ಅದು ಉಚ್ಚೆ ಬಿಟ್ಟಿರೋದು!"

"ಗೊತ್ತು ಬಿಡೇ. ಅಸೂದು ಚೊಂಬುಗಟ್ಲೆ ಇಡ್ತೀವಿ, ನಿಂದು ಮೂರು ತೊಟ್ಟು ಇಟ್ರೆ ದೇವರಿಗೇನು ಮೈಲಿಗೆ ಆಗಲ್ಲ. ವ್ಯಾನು ಬರೋ ಒತ್ತಾಯ್ತು, ಇವತ್ತು ಬರಲ್ಲ ಅಂತ ಫೋನ್ ಮಾಡು. ಆಸ್ಪತ್ರೆಗೆ ಓಗಣ."