ಉಡಚಮ್ಮ ಉಪ್ಪು ನೋಡಿದ ಮೇಲೆ

ಹರಿಹರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎಲ್ಲರೂ ದಾದಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದ ರಶೀದಾಳಿಂದ ಒಂದು ಸಲವೂ ಬೈಸಿಕೊಳ್ಳದವರು ಸಿಗುವುದು ಕಷ್ಟ. ಒಗ್ಗರಣೆ ಮಂಡಕ್ಕಿಯನ್ನು ಮನೆಗೆ ಕಟ್ಟಿಕೊಡಿ ಅಂದರೆ ಸಾಕು, "ಮನೆ ಮುಟ್ಟೋದ್ರೊಳಗೆ ಮುದ್ದೆ ಆಗ್ತೈತೆ. ಇಲ್ಲೇ ಕೂಡ್ರಿ, ಬಿಸಿದು ತಿನ್ರಿ!" ಎಂದು ಗದರುತ್ತಿದ್ದಳು. ವಕೀಲರಿಗೂ ಹಮಾಲರಿಗೂ ಒಂದೇ ಬೆಂಚು, ಒಂದೇ ಗದರಿಕೆ. ರಂಜಾನ್ ತಿಂಗಳಲ್ಲಿ ಮಾತ್ರ ಪೊಟ್ಟಣಕ್ಕೆ ಅಪ್ಪಣೆಯಿತ್ತು.

ದಾದಿ ಹುಟ್ಟಿದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ. ಲಾರಿ ಓಡಿಸುತ್ತಿದ್ದ ಹಯಾತ್ ಸಾಬ್‌ನನ್ನು ಮದುವೆಯಾಗಿ ಹರಿಹರಕ್ಕೆ ಬಂದಳು. ಅವನು ಜ್ವರದಲ್ಲಿ ತೀರಿಕೊಂಡಾಗ ಮಗ ಖಲೀಲ್ ಇನ್ನೂ ಸೊಂಟದ ಮೇಲಿನ ಕೂಸು. ತವರಿನವರು ಬಂದುಬಿಡು ಎಂದು ಕರೆದರು. ಅವಳು ಹೋದಳು, ಒಂದು ಚೀಲ ಮಂಡಕ್ಕಿ ಹೊತ್ತುಕೊಂಡು ಮರುದಿನವೇ ವಾಪಸಾದಳು, ಈ ಬೀದಿಯಲ್ಲಿ ಒಲೆ ಹೂಡಿದಳು. ಮುದುಕಿಯಾದ ಮೇಲೂ ದಾವಣಗೆರೆಗೆ ಬಸ್ಸಿನಲ್ಲಿ ತಾನೇ ಹೋಗಿ, ಒಂದು ಕಾಳನ್ನು ಕಿವಿಯ ಹತ್ತಿರ ಹಿಸುಕಿ, ಸದ್ದು ಕೇಳಿ ಚೀಲ ಆರಿಸುತ್ತಿದ್ದಳು. ಅವಳು ಬರುವುದು ಕಂಡರೆ ಭಟ್ಟಿಯವರು ಹಳೇ ಚೀಲಗಳನ್ನು ಒಳಗೆ ತಳ್ಳುತ್ತಿದ್ದರಂತೆ.

ರಂಜಾನ್ ಬಂದರೆ ಮಾತ್ರ ಅವಳಿಗೆ ಒಂದು ಪೇಚು. ಸಂಜೆ ರೋಜಾ ಬಿಡುವವರಿಗೆ ಬಾಣಲೆ ತುಂಬ ಮಾಡಬೇಕು, ಆದರೆ ತಾನೇ ಉಪವಾಸವಿದ್ದು ಉಪ್ಪು ನೋಡುವುದು ಹೇಗೆ? ಎದುರು ಬದಿಯಲ್ಲಿ ಹೂ ಮಾರುವ ಉಡಚಮ್ಮ ರಸ್ತೆ ದಾಟಿ ಬಂದು, ಒಂದು ತುತ್ತು ತಿಂದು, ತೀರ್ಪು ಕೊಡಬೇಕು. ಆಮೇಲೇ ಮಾರಾಟ. ಎಷ್ಟೋ ವರ್ಷದಿಂದ ನಡೆದುಬಂದ ಪದ್ಧತಿ ಅದು. ಉಡಚಮ್ಮ ಒಮ್ಮೆಯೂ ಹೊಗಳಿದವಳಲ್ಲ.

ಕಳೆದ ಮಳೆಗಾಲದಲ್ಲಿ ದಾದಿ ಹೋದಳು. ಒಲೆಯ ಮುಂದೆ ಈಗ ಮೊಮ್ಮಗಳು ಹುಮಾ ನಿಂತಿದ್ದಳು. ಅವಳಿಗೆ ಬೇರೆ ಯಾವ ಕೆಲಸದ ಮೇಲೂ ಆಸೆಯಿರಲಿಲ್ಲ. ಆದರೆ ಅಪ್ಪ ಖಲೀಲ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಅಮ್ಮನ ಹೆಸರು ಕೆಡಬಾರ್ದು. ಈ ರಂಜಾನ್ ಮುಗಿಯೋದ್ರೊಳಗೆ ನಿನ್ನ ಕೈ ಕೂಡಲಿಲ್ಲ ಅಂದ್ರೆ ಮೊಬೈಲ್ ಅಂಗಡಿಯೋರಿಗೆ ಈ ಜಾಗ ಬಾಡಿಗೆ ಕೊಡ್ತೀನಿ." ಅವನ ಮಾತಿನಲ್ಲೂ ತಪ್ಪಿರಲಿಲ್ಲ.

ಹುಮಾ ಬಂದವರನ್ನೆಲ್ಲ ಹೆಂಗೈತೆ ಎಂದು ಕೇಳಿದಳು. "ದಾದಿ ಮಾಡ್ದಂಗೇ ಐತೆ ಬಿಡವ್ವ" ಅಂದವರೇ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದರು. ಪ್ರೀತಿಯಿಂದ ಹೇಳಿದ ಸುಳ್ಳಿನಿಂದ ಯಾರ ಅಡುಗೆಯೂ ಸುಧಾರಿಸಿದ್ದಿಲ್ಲ. ನಿಜ ಹೇಳುವ ಉಡಚಮ್ಮ ದಾದಿ ಹೋದಂದಿನಿಂದ ರಸ್ತೆ ದಾಟಿರಲಿಲ್ಲ. ತಲೆ ಬಗ್ಗಿಸಿ ಮಾಲೆ ಕಟ್ಟುತ್ತಿದ್ದಳು, ಈ ಕಡೆ ನೋಡುತ್ತಲೇ ಇಲ್ಲ ಎಂದು ಹುಮಾ ತಿಳಿದಿದ್ದಳು.

ಹಬ್ಬ ಹತ್ತಿರ ಬಂತು. ಒಂದು ಸಂಜೆ ಚಿಂತೆಯಲ್ಲಿ ಮೈಮರೆತು ಹುಮಾ ಬಾಣಲೆಯಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೇಬಿಟ್ಟಳು.

"ಏ ಹುಡುಗಿ! ರೋಜಾ ಹಿಡಿದೀಯ! ಉಗುಳು, ಉಗುಳು!"

ಕೂಗಿದ್ದು ಉಡಚಮ್ಮ. ಹುಮಾ ಉಗುಳಿ ಬಾಯಿ ಮುಕ್ಕಳಿಸಿದಳು. ನಾಚಿಕೆಯೂ ಆಯಿತು, ನಗುವೂ ಬಂತು. ತಟ್ಟೆಗೆ ಮಂಡಕ್ಕಿ ಹಾಕಿಕೊಂಡು ತಾನೇ ರಸ್ತೆ ದಾಟಿದಳು.

"ಹಂಗಾದ್ರೆ ನೀವೇ ನೋಡ್ರಿ, ಅಜ್ಜಿ."

"ಬ್ಯಾಡವ್ವ. ಅಕಿ ಇಲ್ದೆ ನಂಗೆ ತುತ್ತು ಇಳಿಯಂಗಿಲ್ಲ."

"ಎಲ್ರೂ ಸುಳ್ಳು ಹೇಳ್ತಾರೆ. ನೀವೊಬ್ರು ನಿಜ ಹೇಳ್ರಿ."

ಉಡಚಮ್ಮ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. "ಉಪ್ಪು ಕಮ್ಮಿ. ಮಂಡಕ್ಕಿ ನೀರಾಗೆ ಬಾಳ ನೆನೆದೈತೆ. ರಶೀದಾ ಮಾಡ್ದಂಗೆ ಇಲ್ಲ."

ಹುಮಾ ತಟ್ಟೆಯನ್ನು ವಾಪಸ್ ಎಳೆದುಕೊಂಡಳು. "ಹಂಗಾದ್ರೆ ಅಂಗಡಿ ಹೋಯ್ತು."

"ಯಾಕ ಹೋಗ್ತೈತೆ?" ಉಡಚಮ್ಮನಿಗೆ ಸಿಟ್ಟೇ ಬಂತು. "ಮೊದಲನೇ ವರ್ಷ ನಿಮ್ಮ ದಾದಿದು ಇದಕ್ಕಿಂತ ಕೆಟ್ಟದಾಗಿತ್ತು, ನಾಯಿನೂ ಮೂಸ್ತಿರ್ಲಿಲ್ಲ. ನಾ ಬಾಯಿಗೆ ಬಂದಂಗೆ ಬೈದೆ. ಅಕಿ ಅತ್ಲು, ಮರುದಿನ ಮತ್ತೆ ಮಾಡಿದ್ಲು. ಹಂಗೇ ಕಲ್ತಿದ್ದು. ನಿಂಗೆ ಬೈಯೋರೇ ಇಲ್ದಂಗಾತು. ತಪ್ಪು ನಂದು, ನಾ ಇಲ್ಲೇ ಕುಂತೆ."

ಹೇಳುತ್ತಲೇ ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ಹೂಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ಹುಮಾಳ ತೋಳು ಹಿಡಿದು ರಸ್ತೆ ದಾಟಿದಳು. ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದ ಖಲೀಲ್ ಎದ್ದು ನಿಂತ.

"ಖಲೀಲಾ, ಬಾಡಿಗೆ ಮಾತು ಮುಂದಿನ ರಂಜಾನಿಗೆ ಆಡಾಣ," ಅಂದಳು ಉಡಚಮ್ಮ. ಆಮೇಲೆ ಹುಮಾಳ ಕಡೆ ತಿರುಗಿ, "ಉಪ್ಪು ಹಾಕು. ಹಾಂ, ಇನ್ನೊಂದೀಟು. ಏ, ಸಾಕು, ಕೈ ತೆಗಿಯೇ ದಡ್ಡಿ!" ಎಂದು ಬೀದಿಗೆಲ್ಲ ಕೇಳುವಂತೆ ಗದರಿದಳು. ಹುಮಾ ಬಿಕ್ಕಿಬಿಕ್ಕಿ ಅಳುತ್ತಲೇ ಬಾಣಲೆ ತಿರುವಿದಳು.