ರತ್ನಳ ಹಸಿರು ಅಂಕಿಗಳು

ಪೈಪು ಕೆಟ್ಟಿರಲಿಲ್ಲ, ಡಾಕ್ಟರೂ ತಪ್ಪಿರಲಿಲ್ಲ. ನನ್ನ ಸೊಸೆ ರತ್ನಳಿಗೆ ಮೋಸ ಮಾಡಿದ್ದು ನಾನು.

ಒಂಬತ್ತು ವರ್ಷದ ಹಿಂದಿನ ಮಾತು. ರತ್ನಳಿಗೆ ಉಬ್ಬಸ. ಔಷಧಿ ಎಷ್ಟರವರೆಗೆ ಇಳಿಸಬಹುದು ಎಂದು ಹಿರಿಯೂರಿನ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಸುತ್ತಿದ್ದರು; ಇವಳನ್ನೂ ಸೇರಿಸಿಕೊಂಡರು. ಊದಲು ಒಂದು ಪೈಪು, ಬರೆಯಲು ಒಂದು ಪುಸ್ತಕ. ಬೆಳಿಗ್ಗೆ ಊದಿದರೆ ಪೈಪಿನ ಮೇಲಿನ ಮುಳ್ಳು ಸರಿದು ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಹಸಿರಿನಲ್ಲಿ ನಿಂತರೆ ಉಸಿರು ಚೆನ್ನಾಗಿದೆ, ಹಳದಿಯಾದರೆ ಹುಷಾರು, ಕೆಂಪಾದರೆ ಆಸ್ಪತ್ರೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಬಣ್ಣ ಗೊತ್ತಾಗುತ್ತದೆ.

ನರ್ಸಮ್ಮ ಇನ್ನೊಂದು ಮಾತು ಹೇಳಿದ್ದಳು: "ಹಳದಿಗೆ ಬಂದ್ರೆ ಕುರಿ ರೊಪ್ಪ ಗುಡಿಸಬ್ಯಾಡ್ರಿ. ಆ ಧೂಳು ನಿಮಗಾಗಲ್ಲ."

ಮತ್ತೆ ಗುಡಿಸುವವರು ಯಾರು? ನಾನು. ವರ್ಷಗಟ್ಟಲೆ ಗುಡಿಸಿ ಬೇಸತ್ತು, ಸೊಸೆ ಬಂದ ವಾರದಲ್ಲೇ ಪೊರಕೆ ಅವಳ ಕೈಗೆ ಕೊಟ್ಟವಳು ನಾನು. ಉಬ್ಬಸವೆಂದರೆ ಮೈಗಳ್ಳತನ ಎಂದೇ ತಿಳಿದಿದ್ದೆ —

ಊದಿದವಳೇ ಕೆಮ್ಮುತ್ತಾ ಬಗ್ಗಿಬಿಡುತ್ತಿದ್ದಳು. ಪೈಪು ನನ್ನ ಕೈಗೆ. ಅಷ್ಟರಲ್ಲಿ ಹೆಬ್ಬೆರಳಿನಿಂದ ಮುಳ್ಳನ್ನು ಒಂದಿಷ್ಟು ಮುಂದಕ್ಕೆ —

"ಹಸಿರು ಐತೆ ಕಣೆ, ಬರ್ಕ. ನಾಟಕ ಸಾಕು, ಪೊರಕೆ ತಗ."

ಅಂಕಿ ನೋಡಿ ಬರೆದುಕೊಳ್ಳುತ್ತಿದ್ದಳು. ದಿನಾ. ಪುಸ್ತಕ ನೋಡಿದ ಡಾಕ್ಟರು ಔಷಧಿ ಅರ್ಧಕ್ಕೆ ಇಳಿಸಿದರು. ಅದಾದ ಎಂಟನೇ ದಿನ ರತ್ನ ರೊಪ್ಪದಲ್ಲೇ ಬಿದ್ದಳು. ತುಟಿ ನೇರಳೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು, ನೋಡಲು ಬಂದ ನರ್ಸಮ್ಮನಿಗೇ ಬೈದಳು: "ನಿಮ್ಮನ್ನ ನಂಬಿ ಕೆಟ್ಟೆ ಕಣ್ರಿ. ನಿಮ್ ಪೈಪೇ ಸುಳ್ಳು. ದಿನಾ ನೋಡಿದ್ದು ನಮ್ಮತ್ತೆ. ಅವ್ರ ಬಾಯಿ ಒರಟು, ಸುಳ್ಳು ಹೇಳಾರಲ್ಲ."

ಆ ನರ್ಸು ಹುಡುಗಿ ಅಳುತ್ತಾ ಹೋದಳು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಂದಿನಿಂದ ರೊಪ್ಪ ನಾನೇ ಗುಡಿಸುತ್ತೇನೆ — ಅದರಿಂದ ಏನೂ ತೀರಲಿಲ್ಲ.

ಮೊನ್ನೆ ರತ್ನಳ ಮಗಳು ಚೈತ್ರಳಿಗೂ ಉಬ್ಬಸವೆಂದು ಅಂಥದ್ದೇ ಪೈಪು ಮನೆಗೆ ಬಂತು. ರತ್ನ ಮಗಳಿಗೆ ಹೇಳಿದಳು: "ಊದಿ ಅಜ್ಜಿ ಕೈಗೆ ಕೊಡವ್ವ. ಅವ್ರೇ ನೋಡ್ಲಿ."

ಆಗ ಹೇಳಿದೆ. ಎಲ್ಲವನ್ನೂ. ರತ್ನ ಕೂಗಾಡಲಿಲ್ಲ.

"ನೀವು ನಾಟಕ ಅಂದ್ರಿ. ನಾನೂ ಹಂಗೇ ಅನ್ಕಂಡೆ ಅತ್ತೆ. ಉಸಿರು ಕಟ್ಟಿದ್ರೂ, ಹಸಿರು ಐತಲ್ಲ, ನಂದೇ ಸೋಗು ಅಂತ —"

ಮಗಳ ಪೈಪು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಐಮಂಗಲದಲ್ಲಿ ಮೊದಲ ಬಸ್ಸು ಹತ್ತಿ ಹಿರಿಯೂರಿನ ಆ ಆಸ್ಪತ್ರೆಗೆ ಹೋದೆ. ಅದೇ ನರ್ಸಮ್ಮ, ಈಗ ಕನ್ನಡಕ ಬಂದಿದೆ. ಆ ಪುಸ್ತಕದ ಅಂಕಿಗಳು ರತ್ನಳ ಉಸಿರಲ್ಲ, ಮುಳ್ಳು ತಳ್ಳಿದ್ದು ನನ್ನ ಹೆಬ್ಬೆರಳು ಎಂದು ಅವಳ ಕೈಯಲ್ಲೇ ಬರೆಸಿದೆ. ಬರೆದು ಮುಗಿಸಿ ನನ್ನ ಮುಖ ನೋಡದೆ ಪೆನ್ನು ಮುಂದಿಟ್ಟಳು.

ಸಹಿ ಬರುತ್ತದೆ ನನಗೆ. ಶಾಯಿ ಕೇಳಿ ಹೆಬ್ಬೆಟ್ಟು ಒತ್ತಿದೆ.